ಸಂವೇದಕವುಳ್ಳ ಬಿಳಿ ಕೋಲನ್ನು ಬಳಸಲು ಕಲಿಯುವ ಬಗೆ

ದೃಷ್ಟಿಹೀನರು ನಡೆಯುವಾಗ ಬಳಸುವ ಬಿಳಿ ಕೋಲು ನೆಲದ ಏರುತಗ್ಗುಗಳನ್ನು ಕೈಗೆ ತಿಳಿಸುತ್ತದೆಯಾದರೂ, ಎದೆ ಅಥವಾ ತಲೆಯ ಮಟ್ಟದಲ್ಲಿ ಚಾಚಿಕೊಂಡಿರುವ ಮರದ ಕೊಂಬೆ, ಹೊರಕ್ಕೆ ತೆರೆದ ಕಿಟಕಿ, ನಿಂತ ಲಾರಿಯ ಹಿಂಬದಿ ಮುಂತಾದವುಗಳ ಸುಳಿವು ಅದಕ್ಕೆ ಸಿಗುವುದಿಲ್ಲ. ಹಿಡಿಕೆಗೆ ಅಳವಡಿಸುವ ಸಂವೇದಕವು ಕಿವಿಗೆ ಕೇಳಿಸದ ಶಬ್ದತರಂಗವನ್ನು ಮುಂದಕ್ಕೆ ಹೊಮ್ಮಿಸಿ, ಪ್ರತಿಧ್ವನಿ ಮರಳಲು ಹಿಡಿದ ಸಮಯದಿಂದ ಅಡ್ಡಿಯ ದೂರವನ್ನು ಲೆಕ್ಕಹಾಕಿ, ಅದನ್ನು ಕಂಪನದ ಮೂಲಕ ಅಂಗೈಗೆ ಮುಟ್ಟಿಸುತ್ತದೆ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ, 3 ಮೀಟರ್ ದೂರದ ಗೋಡೆಯ ಪ್ರತಿಧ್ವನಿ ಸೆಕೆಂಡಿನ 50ನೇ ಒಂದು ಭಾಗದೊಳಗೆ ಮರಳಿರುತ್ತದೆ.

ಮೊದಲು ಸಾಧನವನ್ನು ಬದಿಗಿಟ್ಟು, ಸಾದಾ ಕೋಲಿನ ನಡಿಗೆಯನ್ನು ತರಬೇತುದಾರರಿಂದ ಕಲಿಯಬೇಕು. ಹಿಡಿಕೆಯನ್ನು ಹೊಟ್ಟೆಯ ನಡುಭಾಗದ ಮುಂದೆ ಹಿಡಿದು, ಕೋಲಿನ ತುದಿಯನ್ನು ಭುಜಗಳ ಅಗಲಕ್ಕಿಂತ ತುಸು ಹೆಚ್ಚಾಗಿ ಎಡಬಲಕ್ಕೆ ಬೀಸುತ್ತಾ, ಬಲಗಾಲು ಮುಂದಿಟ್ಟಾಗ ತುದಿ ಎಡಕ್ಕೂ ಎಡಗಾಲು ಮುಂದಿಟ್ಟಾಗ ಬಲಕ್ಕೂ ತಾಗುವಂತೆ ನಡೆಯುವುದು ರೂಢಿಯಾಗಬೇಕು. ಹೀಗೆ ಮಾಡಿದರೆ ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ಮುಟ್ಟಿ ನೋಡಿರುತ್ತದೆ. ಈ ಹಂತವನ್ನು ಹಾರಿಸಿ ನೇರವಾಗಿ ಯಂತ್ರಕ್ಕೆ ಕೈಹಾಕುವುದನ್ನು ನಾನು ಒಪ್ಪುವುದಿಲ್ಲ.

ಅನಂತರ ಪರಿಚಿತ ಕೋಣೆಯಲ್ಲಿ ಸಾಧನವನ್ನು ಚಾಲೂ ಮಾಡಿ, ಗೋಡೆಯ ಕಡೆಗೆ ನಿಧಾನವಾಗಿ ನಡೆಯುತ್ತಾ, ಕಂಪನ ಯಾವ ದೂರದಲ್ಲಿ ಶುರುವಾಗುತ್ತದೆ, ಹತ್ತಿರವಾದಂತೆ ಹೇಗೆ ಬದಲಾಗುತ್ತದೆ ಎಂಬುದನ್ನು ಹಲವು ಬಾರಿ ಗಮನಿಸಬೇಕು. ದೂರದ ಮಿತಿಯನ್ನು ಬದಲಿಸುವ ಗುಂಡಿಯಿದ್ದರೆ, ಮನೆಯೊಳಗೂ ಜನಸಂದಣಿಯಲ್ಲೂ ಕಡಿಮೆ ಮಿತಿಯನ್ನೇ ಇಟ್ಟುಕೊಳ್ಳುವುದು ಒಳ್ಳೆಯದು. ಇಲ್ಲವಾದರೆ ಕೈ ಸದಾ ನಡುಗುತ್ತಿದ್ದು, ಯಾವುದು ನಿಜವಾದ ಎಚ್ಚರಿಕೆ ಎಂಬುದೇ ತಿಳಿಯದಂತಾಗುತ್ತದೆ.

ಓರೆಯಾಗಿ ನಿಂತ ನುಣುಪಾದ ಗಾಜು ತರಂಗವನ್ನು ಬೇರೆಡೆಗೆ ತಿರುಗಿಸುತ್ತದೆ, ದಪ್ಪನೆಯ ಬಟ್ಟೆ ಅದನ್ನು ಹೀರಿಕೊಳ್ಳುತ್ತದೆ. ಮುಂದಕ್ಕೆ ನೋಡುವ ಸಂವೇದಕಕ್ಕೆ ತೆರೆದ ಚರಂಡಿಯಾಗಲಿ ಇಳಿಯುವ ಮೆಟ್ಟಿಲಾಗಲಿ ಸಾಮಾನ್ಯವಾಗಿ ತಿಳಿಯದು. ಆದ್ದರಿಂದ ಕಂಪನವಿಲ್ಲವೆಂದ ಮಾತ್ರಕ್ಕೆ ಕೋಲಿನ ತುದಿಯನ್ನು ನೆಲದಿಂದ ಎತ್ತಿ ನಡೆಯಬಾರದು.

ದಾರಿಗಾಗಿ ಮೊಬೈಲಿನ ಜಿಪಿಎಸ್ ಬಳಸುವವರು, ಬಯಲಿನಲ್ಲೂ ಅದು ಕೆಲವು ಮೀಟರ್ ತಪ್ಪಬಹುದು, ಎತ್ತರದ ಕಟ್ಟಡಗಳ ನಡುವೆ ಇನ್ನೂ ಹೆಚ್ಚು ತಪ್ಪಬಹುದು ಎಂಬುದನ್ನು ನೆನಪಿಡಬೇಕು. ಅದು ಬೀದಿಯನ್ನು ಹೇಳಬಲ್ಲದು, ಬಾಗಿಲನ್ನಲ್ಲ. ಅದರ ಸೂಚನೆ ಕೇಳಲು ಕಿವಿಯನ್ನು ಮುಚ್ಚುವ ಇಯರ್‌ಫೋನ್ ಬೇಡ. ಕೆನ್ನೆಯ ಮೂಳೆಯ ಮೂಲಕ ಶಬ್ದ ಕೇಳಿಸುವ ಬಗೆಯದಾದರೆ ವಾಹನಗಳ ಸದ್ದಿಗೆ ಕಿವಿ ತೆರೆದೇ ಇರುತ್ತದೆ. ರಸ್ತೆ ದಾಟುವಾಗ ಅದನ್ನೂ ನಿಲ್ಲಿಸಿಬಿಡುವುದು ಲೇಸು.