ಸರಾಸರಿ ಅಂಕ ಬಿಟ್ಟು ಒಬ್ಬರ ಹಠಕ್ಕೆ ಜಾಗ ಕೊಟ್ಟೆವು

ಪದವಿ ಓದುತ್ತಿದ್ದಷ್ಟೂ ಕಾಲ ನಮ್ಮ ವಿದ್ಯಾರ್ಥಿ ಸಾಹಿತ್ಯ ಪತ್ರಿಕೆಯಲ್ಲಿ ಕೆಲಸ ಮಾಡಿದೆ. ಮೊದಲು ಬಂದ ಬರಹಗಳನ್ನು ಓದುವವಳಾಗಿ, ಆಮೇಲೆ ಕಥಾ ವಿಭಾಗದಲ್ಲಿ, ಕೊನೆಯ ವರ್ಷ ಸಂಪಾದಕಿಯಾಗಿ. ಬರೆಯುವವರು, ಆರಿಸುವವರು, ತಿದ್ದುವವರು ಎಲ್ಲ ನಾವು ನಾವೇ. ಹಾಗಾಗಿ ಅಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸವೆಂದರೆ ಪಕ್ಕದ ಬೆಂಚಿನವರ ಬರಹವನ್ನು ಆರಿಸುವುದು, ಅದಕ್ಕಿಂತ ಹೆಚ್ಚಾಗಿ ಬಿಡುವುದು.

ಹೆಸರು ಮರೆಮಾಡಿ ಓದುವ ಪದ್ಧತಿ ಮೊದಲಿನಿಂದಲೂ ಇತ್ತು. ಬರಹಗಳನ್ನು ಸ್ವೀಕರಿಸುವವರು ಒಬ್ಬರೇ. ಅವರಿಗೆ ಆಯ್ಕೆಯಲ್ಲಿ ಮತವಿಲ್ಲ. ಹೆಸರು ತೆಗೆದು ಸಂಖ್ಯೆ ಕೊಡುವುದು, ಫೈಲಿನ ಒಳಮಾಹಿತಿಯಲ್ಲಿ ಉಳಿದಿರುವ ಹೆಸರನ್ನೂ ಅಳಿಸುವುದು ಅವರ ಕೆಲಸ. ಆದರೂ ಸಣ್ಣ ಬಳಗದಲ್ಲಿ ಎರಡು ಸಾಲು ಓದುತ್ತಲೇ ಇದು ಯಾರದ್ದೆಂದು ತಿಳಿದುಬಿಡುತ್ತದೆ. ಗುರುತು ಹಿಡಿದವರು ಅದನ್ನು ಹೇಳಿ, ಆ ಬರಹದ ಚರ್ಚೆಯಿಂದ ಎದ್ದು ಹೋಗಬೇಕು ಎಂದು ನಿಯಮ ಮಾಡಿದೆವು. ಸಂಪಾದಕರಾಗಿರುವ ವರ್ಷ ತಮ್ಮ ಬರಹ ಹಾಕಿಕೊಳ್ಳುವಂತಿಲ್ಲ ಎಂಬ ಇನ್ನೊಂದು ನಿಯಮಕ್ಕೆ ನಾನೇ ಪಟ್ಟು ಹಿಡಿದೆ. ಅದು ಸರಿಯೆಂದೇ ಈಗಲೂ ನಂಬಿದ್ದೇನೆ.

ಆಯ್ಕೆಯ ಕ್ರಮ ಮಾತ್ರ ಬದಲಾಗಬೇಕಿತ್ತು. ಪ್ರತಿಯೊಬ್ಬ ಓದುಗರೂ ಐದಕ್ಕೆ ಇಷ್ಟೆಂದು ಅಂಕ ಕೊಡುವುದು, ಸರಾಸರಿ ತೆಗೆದು ಮೇಲಿನಿಂದ ಆರಿಸಿಕೊಳ್ಳುವುದು ಹಳೆಯ ಪದ್ಧತಿ. ನೋಡಲು ನ್ಯಾಯವಾಗಿದೆ. ಆದರೆ ಎಲ್ಲರೂ 4 ಕೊಟ್ಟ ಕವಿತೆ ಒಳಗೆ ಬರುತ್ತದೆ. ಇಬ್ಬರು 5 ಕೊಟ್ಟು, ಇಬ್ಬರು 1 ಕೊಟ್ಟ ಕವಿತೆಯ ಸರಾಸರಿ 3, ಅದು ಹೊರಗೆ. ಯಾರಿಗೂ ಬೇಡವೆನಿಸದ, ಯಾರನ್ನೂ ಕಾಡದ ಬರಹಗಳೇ ಸಂಚಿಕೆ ತುಂಬುತ್ತವೆ. ಹೊಸದಾಗಿ ಬರೆಯಲು ಹೊರಟವರ ಒಳ್ಳೆಯ ಬರಹ ಬಹಳ ಸಲ ಒರಟಾಗಿರುತ್ತದೆ, ಅರ್ಧ ಕೈಕೊಟ್ಟಿರುತ್ತದೆ. ವಿದ್ಯಾರ್ಥಿ ಪತ್ರಿಕೆಯೇ ಅದನ್ನು ಬಿಟ್ಟರೆ ಇನ್ನಾರು ಹಿಡಿದಾರು?

ಹಾಗಾಗಿ ಅಂಕ ಬಿಟ್ಟೆವು. ಪ್ರತಿ ಓದುಗರಿಗೂ ಸಂಚಿಕೆಗೊಂದು ಬರಹದ ಮೇಲೆ ಹಠ ಹಿಡಿಯುವ ಹಕ್ಕು ಕೊಟ್ಟೆವು. ಹಠ ಹಿಡಿದವರು ಅದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಬೇಕು, ಆಮೇಲೆ ವಾದಿಸಬೇಕು. ಗಟ್ಟಿಯಾಗಿ ಓದುವಾಗಲೇ ಬಹಳಷ್ಟು ತೀರ್ಮಾನವಾಗುತ್ತದೆ: ತಾಳ ತಪ್ಪಿದ ಸಾಲು ನಾಲಗೆಗೆ ಸಿಕ್ಕಿಬೀಳುತ್ತದೆ, ಕಣ್ಣಿಗೆ ಸಪ್ಪೆ ಕಂಡ ಸಂಭಾಷಣೆ ದನಿ ಪಡೆದೊಡನೆ ಎದ್ದು ನಿಲ್ಲುತ್ತದೆ. ಚರ್ಚೆಯಲ್ಲಿ 'ಇಷ್ಟವಾಯಿತು', 'ಆಗಲಿಲ್ಲ' ಎನ್ನುವಂತಿರಲಿಲ್ಲ. ಯಾವ ಸಾಲು, ಅದು ಏನು ಮಾಡುತ್ತಿದೆ ಎಂದು ಬೆರಳಿಟ್ಟು ತೋರಿಸಬೇಕು. ಮೊದಲ ವರ್ಷದವರೇ ಮೊದಲು ಮಾತಾಡಬೇಕು. ಹಿರಿಯರು ಬಾಯಿ ತೆರೆದ ಮೇಲೆ ಕಿರಿಯರು ತಲೆಯಾಡಿಸುವುದು ಎಲ್ಲ ಕಡೆಯೂ ಇದ್ದದ್ದೇ.

ತಿದ್ದುವಾಗ ಕಾಗುಣಿತ, ಅಕ್ಷರ ಬಿಟ್ಟುಹೋದದ್ದು ಇಂಥವನ್ನು ನಾವೇ ಸರಿಪಡಿಸಿ ತೋರಿಸುತ್ತಿದ್ದೆವು. ಉಳಿದದ್ದೆಲ್ಲ ಅಂಚಿನಲ್ಲಿ ಪ್ರಶ್ನೆಯಾಗಿ ಹೋಗುತ್ತಿತ್ತು. 'ಈ ಪ್ಯಾರಾ ತೆಗೆಯಿರಿ' ಎನ್ನುವುದಕ್ಕಿಂತ 'ಇವಳು ಮನೆ ಬಿಡುವ ವಿಷಯ ಹಿಂದಿನ ಪುಟದಲ್ಲೇ ಗೊತ್ತಾಗಿದೆ, ಇಲ್ಲಿ ಮತ್ತೇನು ತಿಳಿಯಬೇಕು?' ಎಂದು ಕೇಳಿದರೆ ಬರೆದವರು ತಾವೇ ಅಳಿಸುತ್ತಾರೆ, ಅಥವಾ ನಾವು ಕಾಣದ ಕಾರಣವೊಂದನ್ನು ತೋರಿಸುತ್ತಾರೆ. ಕಥೆಗಳಲ್ಲಿ ಹೆಚ್ಚಾಗಿ ಕಿತ್ತುಬರುತ್ತಿದ್ದದ್ದು ಮೊದಲ ಪುಟ. ಕವಿಯ ಒಪ್ಪಿಗೆಯಿಲ್ಲದೆ ಕವಿತೆಯ ಒಂದು ಅಲ್ಪವಿರಾಮವನ್ನೂ ಮುಟ್ಟುತ್ತಿರಲಿಲ್ಲ. ಆಡುಮಾತಿನ ಬಗ್ಗೆ ವಿಶೇಷ ಎಚ್ಚರ ಬೇಕು. 'ಬತ್ತೀನಿ', 'ಬರ್ತೇನ್ರಿ' ಎಂದು ಬರೆದದ್ದನ್ನು ಕರಡು ತಿದ್ದುವ ಹುರುಪಿನಲ್ಲಿ 'ಬರುತ್ತೇನೆ' ಮಾಡಿದರೆ ಆ ಪಾತ್ರ ಸತ್ತಂತೆ. ಹಾಗಾಗಿ ಒಂದೇ ಪುಟದ ಬರವಣಿಗೆಯ ನಿಯಮಪಟ್ಟಿ ಮಾಡಿ, ಅದರ ನೆತ್ತಿಯ ಮೇಲೇ 'ಸಂಭಾಷಣೆಗೆ ಇದು ಅನ್ವಯಿಸದು' ಎಂದು ಬರೆದೆವು.

ತಿರಸ್ಕಾರದ ಪತ್ರ ಎಲ್ಲರಿಗೂ ಹೋಗಬೇಕು, ಹೇಳಿದ ದಿನಾಂಕದೊಳಗೆ ಹೋಗಬೇಕು. ಅದರಲ್ಲಿ ಆ ಬರಹಕ್ಕೇ ಸೇರಿದ ಒಂದು ಮಾತಾದರೂ ಇರಬೇಕು. ಯಾರ ಮುಂದಿನ ಬರಹಕ್ಕೆ ನಾವು ನಿಜವಾಗಿ ಕಾಯುತ್ತಿದ್ದೆವೋ ಅವರಿಗೆ ಮಾತ್ರ 'ಮತ್ತೆ ಕಳಿಸಿ' ಎಂದು ಬರೆದೆವು; ಆ ಪತ್ರ ಪಡೆದವರಲ್ಲಿ ಕೆಲವರು ಮರುವರ್ಷ ಬಹಳ ಒಳ್ಳೆಯ ಕಥೆ ತಂದರು.

ಪುಟವಿನ್ಯಾಸದಲ್ಲಿ ಎರಡು ಮಾತು. ಮಧ್ಯದಲ್ಲಿ ಪಿನ್ ಹೊಡೆಯುವ ಪುಸ್ತಿಕೆಯ ಪುಟಗಳು 4ರ ಗುಣಕದಲ್ಲೇ ಇರಬೇಕು, ಹಾಗಾಗಿ ಕೊನೆಯ ಗಳಿಗೆಯಲ್ಲಿ ಒಂದು ಕವಿತೆ ಸೇರಿಸುವುದು ಅಷ್ಟು ಸುಲಭವಲ್ಲ. 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬಂದ ಬರಹವನ್ನು ಯೂನಿಕೋಡಿಗೆ ಬದಲಿಸಿದ ಮೇಲೆ ಕರಡನ್ನು ಹೊಸದಾಗಿಯೇ ನೋಡಬೇಕು. ಒತ್ತಕ್ಷರ, ಅರ್ಕಾವತ್ತುಗಳಲ್ಲಿ ತಪ್ಪು ನುಸುಳುತ್ತದೆ. ಒಬ್ಬರು ಮೂಲವನ್ನು ವಿರಾಮಚಿಹ್ನೆ ಸಮೇತ ಓದುವುದು, ಇನ್ನೊಬ್ಬರು ಪುಟ ನೋಡುವುದು. ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ. ಕೃತಿಸ್ವಾಮ್ಯ ಬರೆದವರದ್ದೇ, ನಮಗೆ ಮೊದಲ ಪ್ರಕಟಣೆಯ ಹಕ್ಕು ಮಾತ್ರ ಎಂದು ಒಪ್ಪಿಗೆಪತ್ರದಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಿ.

ಇಂಥ ಪತ್ರಿಕೆಗೆ ದೊಡ್ಡ ಅಪಾಯ ನಡೆಸುವವರು ಓದು ಮುಗಿಸಿ ಹೊರಟುಬಿಡುವುದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ 1919ರಲ್ಲಿ ಶುರುಮಾಡಿದ 'ಪ್ರಬುದ್ಧ ಕರ್ಣಾಟಕ' ಪತ್ರಿಕೆಯನ್ನು ಮುಂದೆ ಮೈಸೂರು ವಿಶ್ವವಿದ್ಯಾಲಯ ವಹಿಸಿಕೊಂಡಿತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಾಹಿತ್ಯ ಪತ್ರಿಕೆ 'ದಿ ಹಾರ್ವರ್ಡ್ ಅಡ್ವೊಕೇಟ್' 1866ರಿಂದ ವಿದ್ಯಾರ್ಥಿಗಳ ಕೈಯಿಂದ ಕೈಗೆ ದಾಟಿ ಬಂದಿದೆ. ನಮ್ಮಂಥ ಸಣ್ಣ ಪತ್ರಿಕೆಗೂ ದಾಟಿಸುವ ಕ್ರಮ ಬೇಕು. ಪಾಸ್‌ವರ್ಡುಗಳು, ಮುದ್ರಕರ ವಿವರ, ನಿಯಮಪಟ್ಟಿ, ಪ್ರತಿ ಸಭೆಯ ಟಿಪ್ಪಣಿ ಒಂದೇ ಕಡತದಲ್ಲಿಟ್ಟೆವು. ಹೊಸ ಸಂಪಾದಕರನ್ನು ವರ್ಷದ ನಡುವೆಯೇ ಆರಿಸಿ, ಒಂದು ಸಂಚಿಕೆಯನ್ನು ನಮ್ಮ ಜೊತೆಗೇ ಮಾಡಿಸಿದೆವು. ಅದರ ಮುಂದಿನ ಸಂಚಿಕೆಗೆ ನಾವು ಕರಡು ನೋಡಿಕೊಟ್ಟೆವು. ಆಯ್ಕೆಯ ಸಭೆಗೆ ಹೋಗಲಿಲ್ಲ.