ಶೂ ಡಬ್ಬಿಯಲ್ಲಿರುವ ಮಿನಿಡಿವಿ ಟೇಪುಗಳನ್ನು ಉಳಿಸಿಕೊಳ್ಳೋದು ಹೇಗೆ?

2000ದ ಆಸುಪಾಸಿನಲ್ಲಿ ನೀವೋ ನಿಮ್ಮ ಗೆಳೆಯರೋ ವಿಡಿಯೋ ಆರ್ಟ್ ಮಾಡಿದ್ದರೆ, ಅದರ ಮೂಲ ಪ್ರತಿ ಮಿನಿಡಿವಿ ಅನ್ನುವ ಪುಟ್ಟ ಡಿಜಿಟಲ್ ವಿಡಿಯೋ ಕ್ಯಾಸೆಟ್ಟಿನಲ್ಲಿ, ಈಗ ಯಾವುದೋ ಶೂ ಡಬ್ಬಿಯಲ್ಲಿ ಅಟ್ಟದ ಮೇಲೆ ಇರಬಹುದು, ಅಲ್ವಾ? ಟೇಪ್ ಇನ್ನೂ ಚೆನ್ನಾಗೇ ಇರಬಹುದು. ಅದನ್ನು ಓದುವ ಕ್ಯಾಮೆರಾಗಳೇ ಒಂದೊಂದಾಗಿ ಕೆಡುತ್ತಿವೆ. ಹಾಗಾಗಿ ಮೊದಲು ಯಂತ್ರ ಹುಡುಕಿ.

ಹಳೇ ಮದುವೆ ವಿಡಿಯೋ ಸ್ಟುಡಿಯೋದವರನ್ನು ಕೇಳಿ, ಅವರ ಕಪಾಟಿನಲ್ಲಿ ಮಿನಿಡಿವಿ ಕ್ಯಾಮೆರಾ ಇದ್ದರೂ ಇರಬಹುದು. ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸಲು ಫೈರ್‌ವೈರ್ ಅನ್ನುವ ಕಾರ್ಡ್, ಕೇಬಲ್ ಬೇಕು, ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ವಿಚಾರಿಸಿ. ಹಳದಿ-ಕೆಂಪು ಎವಿ ಕೇಬಲ್ ಹಾಕಿ ಕಂಪ್ಯೂಟರಿಗೆ ಇಳಿಸಬೇಡಿ. ಅದು ಚಿತ್ರವನ್ನು ಅನಲಾಗ್ ಮಾಡಿ ಕಳಿಸುತ್ತದೆ, ಫೈರ್‌ವೈರ್ ಆದರೆ ಟೇಪಿನಲ್ಲಿರುವ ಡಿಜಿಟಲ್ ಮಾಹಿತಿಯನ್ನೇ ಹಾಗೇ ತರುತ್ತದೆ.

ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ಕ್ಯಾಮೆರಾಗೆ ಹಾಕಲೇಬೇಡಿ. ಟೇಪ್ ಓದುವ ಹೆಡ್ ಗಲೀಜಾಗಿ ಮುಂದಿನ ಟೇಪಿಗೂ ಅಂಟುತ್ತದೆ. ಚೆನ್ನಾಗಿರುವ ಟೇಪನ್ನು ಒಮ್ಮೆ ಕೊನೆವರೆಗೂ ಓಡಿಸಿ, ರಿವೈಂಡ್ ಮಾಡಿ, ಆಮೇಲೆ ಇಳಿಸಿ. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು, ಸುಮಾರು 13 ಜಿಬಿ ಆಗುತ್ತದೆ. ಜಾಗ ಉಳಿಸಲು ಅದನ್ನು ಎಂಪಿ4 ಮಾಡಿ ಮೂಲ ಫೈಲ್ ಅಳಿಸಬೇಡಿ, ದಯವಿಟ್ಟು. ವಿಎಚ್‌ಎಸ್ ಅಥವಾ ಹೈ8ನಂಥ ಅನಲಾಗ್ ಟೇಪ್ ಇದ್ದರೆ ಎಫ್‌ಎಫ್‌ವಿ1 ಅನ್ನುವ ಕೋಡೆಕ್‌ನಲ್ಲಿ (ವಿಡಿಯೋವನ್ನು ಕುಗ್ಗಿಸಿ ಇಡುವ ವಿಧಾನ), ಎಂಕೆವಿ ಫೈಲಾಗಿ ಇಡಿ. ಅದರಲ್ಲಿ ಕಂಪ್ರೆಸ್ ಆದರೂ ಏನೂ ಕಳೆದುಹೋಗುವುದಿಲ್ಲ.

ಮೂರು ಪ್ರತಿ ಮಾಡಿ, ಅದರಲ್ಲೊಂದು ಪ್ರತಿ ಊರಿನಲ್ಲಿರುವ ಅಕ್ಕನ ಮನೆಯಲ್ಲಿರಲಿ. ಪ್ರತಿ ಫೈಲಿಗೂ ಚೆಕ್‌ಸಮ್, ಅಂದರೆ ಫೈಲಿನಿಂದ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಒಂದು ಸಂಖ್ಯೆ, ಬರೆದಿಡಿ, ಫೈಲ್ ಒಂದು ಚೂರು ಬದಲಾದರೂ ಆ ಸಂಖ್ಯೆ ಬೇರೆ ಬರುತ್ತದೆ. ನಾನು ಆಯುಧ ಪೂಜೆ ದಿನ ಎಲ್ಲ ಡ್ರೈವ್ ತೆಗೆದು, ಒರೆಸಿ, ಕಂಪ್ಯೂಟರಿಗೆ ಹಾಕಿ ನೋಡುತ್ತೇನೆ. ಸುಮ್ನೆ ಕಪಾಟಿನಲ್ಲೇ ಇಟ್ಟ ಡ್ರೈವ್ ಯಾವಾಗ ಕೆಟ್ಟಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಜನ ಮರೆಯುವುದು ಇನ್ನೊಂದಿದೆ. ಕೃತಿಯನ್ನು ಹೇಗೆ ತೋರಿಸಬೇಕು ಅನ್ನುವುದು ಫೈಲಿನೊಳಗೆ ಇರುವುದಿಲ್ಲ! ಒಂದು ಪರದೆಯೋ ಎರಡೋ, ಲೂಪ್ ಆಗಬೇಕೋ ಬೇಡವೋ, ಕತ್ತಲೆ ಕೋಣೆಯೋ ಹಳೇ ಡಬ್ಬಾ ಟಿವಿಯೋ, ಶಬ್ದ ಎಷ್ಟು, ಸಂಗೀತದ ಹಕ್ಕು ಯಾರದ್ದು... ಕಲಾವಿದರು ಇರುವಾಗಲೇ ಕೂತು ಕೇಳಿ, ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದು ಅದೇ ಫೋಲ್ಡರಿಗೆ ಹಾಕಿ.

ಹಂಚಲು ಪ್ಯಾಡ್.ಮಾ ಅನ್ನುವ ಆನ್‌ಲೈನ್ ವಿಡಿಯೋ ಸಂಗ್ರಹ ಇದೆ, 2008ರಲ್ಲಿ ಅದನ್ನು ಶುರು ಮಾಡಿದ ಗುಂಪುಗಳಲ್ಲಿ ನಮ್ಮ ಬೆಂಗಳೂರಿನ ಆಲ್ಟರ್ನೇಟಿವ್ ಲಾ ಫೋರಂ ಕೂಡ ಒಂದು. ಅಲ್ಲಿ ವಿಡಿಯೋದ ಒಂದೊಂದು ಭಾಗಕ್ಕೂ ಟಿಪ್ಪಣಿ ಬರೆಯಬಹುದು, ಹಾಗಾಗಿ ಹುಡುಕುವವರಿಗೆ ಸಿಗುತ್ತದೆ. ಜನರ ಜೊತೆ ಕೂತು ನೋಡಬೇಕೆಂದರೆ ಬೆಂಗಳೂರಿನ ಬನಶಂಕರಿಯ ಸುಚಿತ್ರಾ ಫಿಲ್ಮ್ ಸೊಸೈಟಿ, ಶಾಂತಿನಗರದ ಕಲಾ ತಾಣ 1ಶಾಂತಿರೋಡ್‌ನಂಥ ಕಡೆ ಕೇಳಿ ನೋಡಿ.

ನೀವೇ ತೋರಿಸುವವರಾದರೆ ಕಲಾವಿದರಿಗೆ ದುಡ್ಡು ಕೊಡಿ, ಐನೂರಾದರೂ ಸರಿ. ಯಾವ ದಿನ, ಎಷ್ಟು ಸಲ, ಮುಗಿದ ಮೇಲೆ ಫೈಲ್ ಅಳಿಸಬೇಕೇ ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಕಲಾವಿದರೇ, ತೋರಿಸಲು ಎಂಪಿ4 ಪ್ರತಿ ಸಾಕು. ಮೂಲ ಫೈಲಿರುವ ಡ್ರೈವ್ ಮನೆ ಬಿಟ್ಟು ಹೊರಗೆ ಹೋಗದಿರಲಿ.