ಕಬಡ್ಡಿ ಹುಡುಗಿಯರ ಮಂಡಿ ಕಾಯುವ ಇಪ್ಪತ್ತು ನಿಮಿಷ

ಕಬಡ್ಡಿ ಆಡುವ ಹುಡುಗಿಯ ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದರೆ ನಮ್ಮ ಕಡೆಯ ಊರುಗಳಲ್ಲಿ ಅವಳ ಆಟ ಬಹುತೇಕ ಅಲ್ಲಿಗೇ ಮುಗಿಯುತ್ತದೆ. ಶಸ್ತ್ರಚಿಕಿತ್ಸೆಗೆ ದುಡ್ಡು ಹೊಂದಿಸಬೇಕು, ಆಮೇಲೆ ತಿಂಗಳುಗಟ್ಟಲೆ ಬಸ್ ಹತ್ತಿ ವ್ಯಾಯಾಮಕ್ಕೆ ಬರಬೇಕು, ಅಷ್ಟರಲ್ಲಿ ಪದವಿಯ ಕೊನೆಯ ವರ್ಷ ಬಂದಿರುತ್ತದೆ. ಹುಡುಗನಿಗಾದರೆ ಮನೆಯವರು ‘ಇನ್ನೊಂದು ವರ್ಷ ನೋಡೋಣ’ ಎನ್ನುತ್ತಾರೆ. ಹುಡುಗಿಗೆ ‘ಆಡಿದ್ದು ಸಾಕು’ ಎನ್ನುತ್ತಾರೆ. ಹಾಸನ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ನಾನು ಫಿಸಿಯೋಥೆರಪಿಸ್ಟ್. ಹರಿದ ಮೇಲೆ ನನ್ನ ಬಳಿ ಬರುವ ಮಂಡಿಗಳನ್ನು ನೋಡಿ ನೋಡಿ, ಹರಿಯುವ ಮೊದಲೇ ಮೈದಾನಕ್ಕೆ ಹೋಗಬೇಕೆಂದು ತೀರ್ಮಾನಿಸಿದೆ. ಬೆಳಿಗ್ಗೆ ಕ್ಲಿನಿಕ್, ಸಂಜೆ ಪದವಿ ಕಾಲೇಜೊಂದರ ಹುಡುಗಿಯರ ಕಬಡ್ಡಿ ತಂಡ. ಕೆಲವು ವರ್ಷಗಳಿಂದ ಇದೇ ನನ್ನ ದಿನಚರಿ.

ಗಾಯ ತಡೆಯುವ ಕೆಲಸ ಗಾಯ ಎಣಿಸುವುದರಿಂದ ಶುರುವಾಗುತ್ತದೆ. ನೆದರ್ಲೆಂಡ್ಸ್‌ನ ವಿಲ್ಲೆಮ್ ವಾನ್ ಮೆಕೆಲೆನ್ ಮತ್ತು ಸಂಗಡಿಗರು 1992ರಲ್ಲಿ ಹಾಕಿಕೊಟ್ಟ ನಾಲ್ಕು ಹೆಜ್ಜೆಗಳ ಕ್ರಮ ಇಂದಿಗೂ ಈ ಕ್ಷೇತ್ರದ ಅಡಿಪಾಯ: ಗಾಯ ಎಷ್ಟು ಎಂದು ಬರೆದುಕೊಳ್ಳಿ, ಯಾಕೆ ಆಯಿತು ಎಂದು ಹುಡುಕಿ, ಉಪಾಯ ಜಾರಿಗೆ ತನ್ನಿ, ಮತ್ತೆ ಎಣಿಸಿ. ಇದಕ್ಕೆ ಯಂತ್ರ ಬೇಡ, ಒಂದು ನೋಟ್‌ಬುಕ್ ಸಾಕು. ಆದರೆ ಪಂದ್ಯ ತಪ್ಪಿಸಿಕೊಂಡವರನ್ನು ಮಾತ್ರ ಎಣಿಸಿದರೆ ಲೆಕ್ಕ ಹತ್ತುವುದಿಲ್ಲ, ಏಕೆಂದರೆ ನಮ್ಮ ಹುಡುಗಿಯರು ನೋವು ನುಂಗಿಕೊಂಡೇ ಆಡುತ್ತಾರೆ. ಹಾಗಾಗಿ ನಾರ್ವೆಯ ಓಸ್ಲೊದ ಕ್ರೀಡಾ ಗಾಯ ಸಂಶೋಧನಾ ಕೇಂದ್ರದವರು ರೂಪಿಸಿದ ಪ್ರಶ್ನಾವಳಿಯನ್ನು ಹಿಡಿದುಕೊಂಡೆ. ಅದರಲ್ಲಿರುವುದು ವಾರಕ್ಕೊಮ್ಮೆ ಕೇಳುವ ನಾಲ್ಕು ಪ್ರಶ್ನೆಗಳು: ಈ ವಾರ ನೋವಿನಿಂದಾಗಿ ಆಡಲು ತೊಂದರೆಯಾಯಿತೇ, ಅಭ್ಯಾಸ ಕಡಿಮೆ ಮಾಡಬೇಕಾಯಿತೇ, ಆಟ ಮಂಕಾಯಿತೇ, ನೋವು ಎಷ್ಟಿತ್ತು.

ತರಬೇತುದಾರರ ಎದುರು ಸಾಲಾಗಿ ನಿಲ್ಲಿಸಿ ಕೇಳಿದರೆ ಎಲ್ಲರದೂ ಒಂದೇ ಉತ್ತರ: ‘ಏನೂ ಇಲ್ಲ ಮೇಡಂ.’ ಅದಕ್ಕೆ ಚೀಟಿ ಮಾಡಿದೆ. ಹೆಸರಿನ ಬದಲು ನನಗೆ ಮಾತ್ರ ತಿಳಿದಿರುವ ಸಂಖ್ಯೆ, ಶನಿವಾರ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಒಂದು ಡಬ್ಬಿ. ಮೊದಲ ತಿಂಗಳಲ್ಲೇ ಯಾರ ಬಾಯಲ್ಲೂ ಬರದಿದ್ದ ಸಂಗತಿಗಳು ಹೊರಬಂದವು. ಮಂಡಿಚಿಪ್ಪಿನ ಕೆಳಗಿನ ನೋವು, ತೊಡೆಸಂದಿನ ಸೆಳೆತ, ಎಂದೋ ಉಳುಕಿ ಇನ್ನೂ ಊತ ಇಳಿಯದ ಪಾದದ ಗಿಣ್ಣು. ಇವುಗಳನ್ನು ಗಾಯವೆಂದು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ, ಆ ಹುಡುಗಿಯರು ಕೂಡ.

ಇನ್ನು ಕಾರಣ. ಎದುರಾಳಿಯ ಅಂಕಣಕ್ಕೆ ನುಗ್ಗಿದ ರೈಡರ್ ಒಬ್ಬಳು ಮುಟ್ಟಿ ಹಿಂದೆ ತಿರುಗುತ್ತಾಳೆ, ಅಂಚಿನಲ್ಲಿ ಕಾಯುವ ಕಾರ್ನರ್‌ನವಳು ಪಾದ ಹಿಡಿದಿರುತ್ತಾಳೆ. ಮೈ ಗೆರೆಯ ಕಡೆ ತಿರುಗಿತು, ಕಾಲು ನೆಲದಲ್ಲೇ ಉಳಿಯಿತು, ನಡುವೆ ಸಿಕ್ಕಿಕೊಂಡದ್ದು ಮಂಡಿ. ಈ ಎದುರಾಳಿಯ ಹಿಡಿತವನ್ನು ಯಾವ ವ್ಯಾಯಾಮವೂ ತಪ್ಪಿಸಲಾರದು. ಆದರೆ ಯಾರೂ ಮುಟ್ಟದಿದ್ದಾಗಲೂ ಮಂಡಿ ಹರಿಯುತ್ತದೆ: ಹಾರಿ ಒಂಟಿ ಕಾಲಿನಲ್ಲಿ ಇಳಿಯುವಾಗ, ಓಡುತ್ತಾ ಥಟ್ಟನೆ ದಿಕ್ಕು ಬದಲಿಸುವಾಗ. ನಮಗೆ ಕೈ ಹಾಕಲು ಸಾಧ್ಯವಿರುವುದು ಇಲ್ಲಿ. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ನಂಥ ಆಟಗಳಲ್ಲಿ ಹುಡುಗಿಯರಿಗೆ ಎಸಿಎಲ್ ಹರಿಯುವ ಅಪಾಯ ಹುಡುಗರಿಗಿಂತ 2ರಿಂದ 3 ಪಟ್ಟು ಹೆಚ್ಚು ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿರುವ ಮಾತು.

ನಮ್ಮ ಕಡೆ ಇನ್ನೊಂದು ತೊಡಕಿದೆ. ಅಭ್ಯಾಸ ನಡೆಯುವುದು ಮಣ್ಣಿನ ಅಂಕಣದಲ್ಲಿ, ಬರಿಗಾಲಿನಲ್ಲಿ. ಪಂದ್ಯ ನಡೆಯುವುದು ಮ್ಯಾಟ್ ಮೇಲೆ, ಶೂ ಹಾಕಿಕೊಂಡು. ಮಣ್ಣಿನಲ್ಲಿ ತಿರುಗಿದರೆ ಪಾದ ಒಂದಿಷ್ಟು ಜಾರಿಕೊಡುತ್ತದೆ. ಮ್ಯಾಟ್ ಮೇಲೆ ರಬ್ಬರ್ ಅಟ್ಟೆ ಕಚ್ಚಿಕೊಳ್ಳುತ್ತದೆ, ಆ ತಿರುಚು ನೇರವಾಗಿ ಮೇಲಕ್ಕೆ ಮಂಡಿಗೆ ಬರುತ್ತದೆ. ಪಂದ್ಯಾವಳಿಗೆ ಮುನ್ನ ಕೆಲವು ದಿನವಾದರೂ ಮ್ಯಾಟ್ ಸಿಗುವಂತೆ ಮಾಡಿ ಎಂದು ನಾನು ಕಾಲೇಜಿನವರ ಬೆನ್ನು ಬಿದ್ದದ್ದು ಇದಕ್ಕೇ.

ಇಳಿಯುವ ರೀತಿಯನ್ನು ನೋಡಲು ನನ್ನ ಬಳಿಯಿದ್ದ ಪರಿಕರ ಒಂದಡಿ ಎತ್ತರದ ಮರದ ಪೆಟ್ಟಿಗೆ, ಮೊಬೈಲ್ ಮತ್ತು ಒಂದು ಹಾಳೆ ಸ್ಟಿಕ್ಕರ್ ಬೊಟ್ಟು. ಮಂಡಿಚಿಪ್ಪಿನ ನಟ್ಟನಡುವೆ ಒಂದು ಕೆಂಪು ಬೊಟ್ಟು, ಪಾದದ ಎರಡನೇ ಬೆರಳಿನ ಬುಡದಲ್ಲಿ ಇನ್ನೊಂದು. ಪೆಟ್ಟಿಗೆಯಿಂದ ಇಳಿದು ತಕ್ಷಣ ಮೇಲೆ ಹಾರಬೇಕು. ಎದುರಿನಿಂದ ಚಿತ್ರೀಕರಿಸಿ ನಿಧಾನಗತಿಯಲ್ಲಿ ನೋಡಿದರೆ ಎಲ್ಲವೂ ಕಾಣುತ್ತದೆ. ಎಡ ಕಾರ್ನರ್‌ನಲ್ಲಿ ಆಡುವ ಗಟ್ಟಿಮುಟ್ಟಾದ ಹುಡುಗಿಯೊಬ್ಬಳು ಇಳಿದಾಗ ಎಡಮಂಡಿಯ ಬೊಟ್ಟು ಹೆಬ್ಬೆರಳನ್ನೂ ದಾಟಿ ಒಳಕ್ಕೆ ವಾಲಿ, ಬಲಮಂಡಿಗೆ ತಾಗಿಯೇಬಿಟ್ಟಿತು. ಅವಳಿಗೆ ತೋರಿಸಿದೆ. ಎರಡು ಸಲ ಹಿಂದೆ ಸರಿಸಿ ನೋಡಿದಳು. ‘ಇದು ನನ್ನ ಕಾಲೇ ಮೇಡಂ?’ ಎಂದಳು. ಅಂದಿನಿಂದ ಅವಳಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ‘ಸೊಂಟದ ಪಕ್ಕದ ಸ್ನಾಯು ಬಿಗಿ ಹಿಡಿ, ಮಂಡಿ ಹೊರಗೆ ತಳ್ಳು’ ಎಂದು ಅಂಗಾಂಗದ ಪಾಠ ಹೇಳುವುದಕ್ಕಿಂತ ‘ಸದ್ದು ಬಾರದಂತೆ ಇಳಿ’ ಎಂದರೆ ಬೇಗ ಸರಿಯಾಗುತ್ತದೆ. ಸದ್ದಿಲ್ಲದೆ ಇಳಿಯಬೇಕಾದರೆ ಮಂಡಿ, ಸೊಂಟ ಎರಡೂ ತಾವಾಗಿಯೇ ಬಾಗುತ್ತವೆ.

ಆದರೂ ಈ ವಿಡಿಯೋ ನೋಡಿ ‘ನಿನಗೆ ಗಾಯವಾಗುತ್ತದೆ, ನಿನಗೆ ಆಗುವುದಿಲ್ಲ’ ಎಂದು ಭವಿಷ್ಯ ಹೇಳಲಾಗದು. ನಾರ್ವೆಯ ಕ್ರೀಡಾ ವೈದ್ಯ ರೋಲ್ಡ್ ಬಾರ್ 2016ರಲ್ಲಿ ಇದನ್ನು ಖಡಾಖಂಡಿತವಾಗಿ ಬರೆದರು: ಇಂಥ ಪರೀಕ್ಷೆಗಳಲ್ಲಿ ಗಾಯಗೊಳ್ಳುವವರ ಮತ್ತು ಗೊಳ್ಳದವರ ಅಂಕಗಳು ಒಂದರೊಳಗೊಂದು ಬೆರೆತುಹೋಗಿರುತ್ತವೆ. ಆದ್ದರಿಂದ ನಾನು ಯಾರನ್ನೂ ಬೇರೆ ಮಾಡಿ ನಿಲ್ಲಿಸುವುದಿಲ್ಲ. ವ್ಯಾಯಾಮ ಇಡೀ ತಂಡಕ್ಕೆ. ವಿಡಿಯೋ ಇರುವುದು ಹುಡುಗಿ ತನ್ನನ್ನು ತಾನೇ ನೋಡಿಕೊಳ್ಳಲು.

ಯಾವ ವ್ಯಾಯಾಮ ಎಂಬುದಕ್ಕೆ ಹೊಸದಾಗಿ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಫಿಫಾದ ‘11 ಪ್ಲಸ್’ ಎಂಬ ಇಪ್ಪತ್ತು ನಿಮಿಷದ ವಾರ್ಮ್‌ಅಪ್ ಇದೆ: ಓಟ, ಆಮೇಲೆ ಬಲ, ನೆಗೆತ ಮತ್ತು ಸಮತೋಲನ, ಕೊನೆಗೆ ಮತ್ತೆ ಓಟ. 13ರಿಂದ 17 ವರ್ಷದ ಸುಮಾರು 1,900 ನಾರ್ವೆ ಫುಟ್‌ಬಾಲ್ ಆಟಗಾರ್ತಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇದನ್ನು ಮಾಡಿದ ತಂಡಗಳಲ್ಲಿ ಒಟ್ಟು ಗಾಯಗಳು ಮೂರನೇ ಒಂದರಷ್ಟು, ತೀವ್ರ ಗಾಯಗಳು ಹೆಚ್ಚುಕಡಿಮೆ ಅರ್ಧದಷ್ಟು ಕಡಿಮೆಯಿದ್ದವು. ಅದೇ ಸಂಶೋಧಕರು ಆಮೇಲೆ ಇನ್ನೊಂದು ವಿಷಯ ತೋರಿಸಿದರು: ತಪ್ಪದೆ ಮಾಡಿದ ತಂಡಗಳಿಗೆ ಸಿಕ್ಕ ಲಾಭ ಆಗೊಮ್ಮೆ ಈಗೊಮ್ಮೆ ಮಾಡಿದವರಿಗೆ ಸಿಗಲಿಲ್ಲ. ನನ್ನ ಪಾಲಿಗೆ ಈ ಎರಡನೆಯದೇ ದೊಡ್ಡ ಮಾತು. ಹಾಳೆಯ ಮೇಲೆ ವ್ಯಾಯಾಮ ಬರೆದುಕೊಡುವುದು ಸುಲಭ. ಜುಲೈ ಮಳೆಯಲ್ಲೂ, ಆಂತರಿಕ ಪರೀಕ್ಷೆಯ ವಾರದಲ್ಲೂ, ನಾನು ಬಾರದ ದಿನವೂ ಅದು ನಡೆಯುವಂತೆ ಮಾಡುವುದೇ ನಿಜವಾದ ಕೆಲಸ.

ತಂಡದ ದೈಹಿಕ ಶಿಕ್ಷಣ ನಿರ್ದೇಶಕರು ಹಳೆಯ ಆಟಗಾರರು, ನೇರ ಮಾತಿನವರು. ‘ಇರುವುದೇ ಒಂದೂವರೆ ಗಂಟೆ ಮೇಡಂ. ಇಪ್ಪತ್ತು ನಿಮಿಷ ನಿಮಗೆ ಕೊಟ್ಟರೆ ರೈಡ್ ಯಾವಾಗ ಕಲಿಸಲಿ?’ ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದು. ನಾನು ಹೊಸ ಸಮಯ ಕೇಳಲಿಲ್ಲ. ಮೈದಾನ ಸುತ್ತುವುದು, ಆಮೇಲೆ ಕುಳಿತು ಕಾಲು ಚಾಚಿ ಬಗ್ಗುವುದು, ಇವೆರಡಕ್ಕೆ ಆಗಲೇ ಹೋಗುತ್ತಿದ್ದ ಹೊತ್ತನ್ನು ಕೇಳಿದೆ. ಫುಟ್‌ಬಾಲಿನ ಓಟಗಳನ್ನು ಕಬಡ್ಡಿಯ ಹೆಜ್ಜೆಗಳಿಗೆ ಬದಲಾಯಿಸಿದೆವು: ಬೋನಸ್ ಗೆರೆಯತ್ತ ಕಾಲು ಚಾಚಿ ಹಿಂದಕ್ಕೆ ಸರಿಯುವುದು, ಅಡ್ಡಡ್ಡಲಾಗಿ ಕಾರ್ನರ್‌ನಿಂದ ಕಾರ್ನರ್‌ಗೆ ಜಾರುವುದು, ಮುಟ್ಟಿ ತಿರುಗಿ ಮಧ್ಯಗೆರೆಗೆ ಹಾರುವುದು. ಯಾವ ಹೆಜ್ಜೆಯನ್ನು ಎಲ್ಲಿ ಇಡಬೇಕೆಂದು ನಿರ್ಧರಿಸಿದವರು ಅವರೇ. ಅಂದಿನಿಂದ ಅದು ಅವರ ವಾರ್ಮ್‌ಅಪ್ ಆಯಿತು, ನಾಯಕಿ ಮುಂದೆ ನಿಂತು ನಡೆಸತೊಡಗಿದಳು.

ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್‌ಗೆ ನಾರ್ಡಿಕ್ ವ್ಯಾಯಾಮವನ್ನು ನಾನು ಎಂದೂ ಬಿಡುವುದಿಲ್ಲ. ಮಂಡಿಯೂರಿ ಮೈ ನೆಟ್ಟಗೆ ನಿಲ್ಲಿಸಬೇಕು, ಜೊತೆಗಾತಿ ಹಿಂದಿನಿಂದ ಪಾದಗಳನ್ನು ಒತ್ತಿ ಹಿಡಿಯಬೇಕು, ಸೊಂಟ ಬಗ್ಗಿಸದೆ ಎಷ್ಟು ನಿಧಾನವಾಗಿ ಸಾಧ್ಯವೋ ಅಷ್ಟು ನಿಧಾನವಾಗಿ ಮುಂದಕ್ಕೆ ವಾಲಬೇಕು, ತಡೆಯಲಾಗದ ಹಂತದಲ್ಲಿ ಕೈಯೂರಬೇಕು. ಸ್ನಾಯು ಉದ್ದವಾಗುತ್ತಲೇ ಬಲ ಹಾಕುವುದನ್ನು ಕಲಿಯುತ್ತದೆ. ಪಾದ ಹಿಡಿಯುವುದನ್ನಂತೂ ಕಬಡ್ಡಿ ಹುಡುಗಿಯರಿಗೆ ಹೇಳಿಕೊಡಬೇಕಿಲ್ಲ. ಡೆನ್ಮಾರ್ಕ್‌ನ 50 ತಂಡಗಳ 942 ಪುರುಷ ಫುಟ್‌ಬಾಲ್ ಆಟಗಾರರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇದನ್ನು ಮಾಡಿದವರ ಗುಂಪಿನಲ್ಲಿ 15 ಹ್ಯಾಮ್‌ಸ್ಟ್ರಿಂಗ್ ಗಾಯಗಳಾದರೆ ಮಾಡದವರಲ್ಲಿ 52 ಆಗಿದ್ದವು. ಆರಂಭ ಮಾತ್ರ ಮೆಲ್ಲಗಿರಬೇಕು: ಮೊದಲ ವಾರ ಒಂದೇ ದಿನ, ಐದೈದರಂತೆ ಎರಡು ಸಲ. ಎರಡನೇ ವಾರ ಎರಡು ದಿನ, ಆರಾರರಂತೆ. ಮೂರನೇ ವಾರದಿಂದ ಮೂರು ದಿನ. ಉತ್ಸಾಹದಲ್ಲಿ ಮೊದಲ ದಿನವೇ ಮೂವತ್ತು ಮಾಡಿದರೆ ಮಾರನೆಯ ದಿನ ಬಸ್ಸಿನ ಮೆಟ್ಟಿಲು ಹತ್ತಲಾಗುವುದಿಲ್ಲ, ಆಮೇಲೆ ಆ ಹುಡುಗಿ ವ್ಯಾಯಾಮದ ಹತ್ತಿರ ಸುಳಿಯುವುದಿಲ್ಲ. ಮಂಡಿಯ ಕೆಳಗೆ ಮಡಿಸಿದ ಜಮಖಾನ ಹಾಸುತ್ತೇವೆ.

ತೊಡೆಸಂದಿಗೆ ಕೋಪನ್‌ಹೇಗನ್ ವ್ಯಾಯಾಮ: ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ಜೊತೆಗಾತಿಯ ಕೈಯಲ್ಲಿಟ್ಟು ಮೈ ಎತ್ತುವುದು. ಕಾಲು ಚಾಚಿ ಮುಟ್ಟುವ ರೈಡರ್‌ಗಳಿಗೆ ಇದು ಬೇಕೇ ಬೇಕು.

ಈಗ ನನಗೆ ಅತಿ ಹೆಚ್ಚು ಆಸಕ್ತಿಯಿರುವ ಭಾಗಕ್ಕೆ ಬರುತ್ತೇನೆ. ಮಂಡಿ ಕೆಡುವುದರಲ್ಲಿ ಮಿದುಳಿನ ಪಾಲೂ ಇದೆ. ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಅಧ್ಯಯನವೊಂದು, ಯಾರೂ ತಾಗದೆಯೇ ಎಸಿಎಲ್ ಹರಿದುಕೊಂಡ 80 ಕಾಲೇಜು ಕ್ರೀಡಾಪಟುಗಳ ಹಳೆಯ ಪರೀಕ್ಷಾ ಫಲಿತಾಂಶವನ್ನು ಗಾಯವಾಗದ 80 ಮಂದಿಯ ಫಲಿತಾಂಶದೊಂದಿಗೆ ಹೋಲಿಸಿತು. ಗಾಯವಾಗುವ ಮೊದಲೇ ಅವರ ಪ್ರತಿಕ್ರಿಯೆಯ ವೇಗ, ಕಂಡದ್ದನ್ನು ಗ್ರಹಿಸುವ ವೇಗ, ನೆನಪು ಇವೆಲ್ಲ ಕೊಂಚ ಹಿಂದಿದ್ದವು. ಕಬಡ್ಡಿ ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಮೂವತ್ತು ಸೆಕೆಂಡಿನ ರೈಡ್‌ನಲ್ಲಿ ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಎನ್ನಬೇಕು, ಏಳು ಜನರ ಕೈಕಾಲು ಕಣ್ಣಳತೆಯಲ್ಲಿರಬೇಕು, ಗೆರೆ ಎಷ್ಟು ದೂರವಿದೆ ಎಂಬುದು ನೆನಪಿರಬೇಕು. ಮನಸ್ಸು ಅಲ್ಲೆಲ್ಲ ಹಂಚಿಹೋದಾಗ ಇಳಿಯುವ ಕಾಲಿಗೆ ಉಳಿಯುವ ಗಮನ ಎಷ್ಟು?

ಆದ್ದರಿಂದ ಶಾಂತವಾಗಿ ಪೆಟ್ಟಿಗೆಯಿಂದ ಇಳಿಯುವುದು ಬಂದ ಮೇಲೆ ಅಲ್ಲಿಗೇ ನಿಲ್ಲಿಸುವುದಿಲ್ಲ. ಹುಡುಗಿ ಕಬಡ್ಡಿ ಎನ್ನುತ್ತಲೇ ಹಾರಬೇಕು. ಅವಳು ಗಾಳಿಯಲ್ಲಿರುವಾಗ ನಿರ್ದೇಶಕರು ಬೆರಳು ತೋರಿಸುತ್ತಾರೆ: ಸಮ ಸಂಖ್ಯೆಯಾದರೆ ಬಲಕ್ಕೆ ಓಡಬೇಕು, ಬೆಸವಾದರೆ ಎಡಕ್ಕೆ. ಉಸಿರಿನ ಜಪ ಮುರಿಯಬಾರದು. ತಿಂಗಳ ಹಿಂದೆ ಸರಿಯಾಗಿದ್ದ ಮಂಡಿಗಳು ಮೊದಲ ದಿನ ಮತ್ತೆ ಒಳಕ್ಕೆ ವಾಲಿದ್ದನ್ನು ನಾನೇ ಕಂಡಿದ್ದೇನೆ. ಅಭ್ಯಾಸವಾಗುತ್ತಾ ಹೋದಂತೆ ಬೊಟ್ಟು ಬೆರಳಿನ ನೇರಕ್ಕೆ ಮರಳಿತು. ಹುಡುಗಿಯರು ಇಡೀ ವಾರ್ಮ್‌ಅಪ್‌ನಲ್ಲಿ ಕೇಳಿ ಕೇಳಿ ಮಾಡುವುದು ಇದೊಂದನ್ನೇ.

ತಲೆಗೆ ಪೆಟ್ಟು ಬಿದ್ದಾಗ ಮಾತ್ರ ಚರ್ಚೆಗೆ ಎಡೆಯಿಲ್ಲ. ಪಾದ ಹಿಡಿಯಲು ಧುಮುಕಿದವಳ ಹಣೆಗೆ ರೈಡರ್‌ಳ ಮಂಡಿ ಬಡಿಯುವುದು ಕಬಡ್ಡಿಯಲ್ಲಿ ಸಾಮಾನ್ಯ. ತಲೆ ಸುತ್ತು, ಮಂಕು, ವಾಂತಿ, ‘ಸ್ಕೋರ್ ಎಷ್ಟು?’ ಎಂದರೆ ತಡವರಿಕೆ, ಇವುಗಳಲ್ಲಿ ಒಂದು ಕಂಡರೂ ಅವಳು ಆ ದಿನ ಮತ್ತೆ ಅಂಕಣಕ್ಕಿಳಿಯುವಂತಿಲ್ಲ, ವೈದ್ಯರ ಬಳಿ ಹೋಗಬೇಕು. ಮೊದಲ ಒಂದೆರಡು ದಿನ ಓದು, ಮೊಬೈಲ್, ಓಡಾಟ ಎಲ್ಲ ಕಡಿಮೆ, ಆಮೇಲೆ ಹಂತ ಹಂತವಾಗಿ ಮರಳುವುದು.

ಶಸ್ತ್ರಚಿಕಿತ್ಸೆಯಾದ ಮೇಲೆ ಯಾವಾಗ ಮರಳಬೇಕು ಎಂಬುದರ ಮೇಲೆ ನಾನು ಅತಿ ಹೆಚ್ಚು ವಾದ ಮಾಡಿದ್ದೇನೆ. ಅಮೆರಿಕದ ಡೆಲವೇರ್ ಮತ್ತು ಓಸ್ಲೊ ಸಂಶೋಧಕರು 106 ಮಂದಿಯನ್ನು ಎರಡು ವರ್ಷ ಗಮನಿಸಿ 2016ರಲ್ಲಿ ಹೇಳಿದ್ದು ಇದು: ಒಂಬತ್ತು ತಿಂಗಳವರೆಗೆ, ಮರಳುವುದನ್ನು ತಡೆಹಿಡಿದ ಪ್ರತಿ ತಿಂಗಳಿಗೂ ಮಂಡಿಗೆ ಮತ್ತೆ ಗಾಯವಾಗುವ ಪ್ರಮಾಣ ಅರ್ಧಕ್ಕಿಳಿಯಿತು. ತೊಡೆಯ ಮುಂಭಾಗದ ಬಲ ಎರಡೂ ಕಾಲಿನಲ್ಲಿ ಸಮವಿದ್ದಷ್ಟೂ ಒಳ್ಳೆಯದು. ನಮ್ಮ ಒಬ್ಬ ರೈಡರ್‌ಗೆ ಆರನೇ ತಿಂಗಳಲ್ಲಿ ವಿಶ್ವವಿದ್ಯಾಲಯ ತಂಡದ ಆಯ್ಕೆ ಬಂತು. ನಡೆಯುತ್ತಿದ್ದಳು, ಓಡುತ್ತಿದ್ದಳು, ನೋವಿರಲಿಲ್ಲ. ಅವಳ ತಂದೆ ತೋಟದ ಕೆಲಸ ಬಿಟ್ಟು ಬಂದು, ‘ಮೇಡಂ, ಈ ಸಲ ಬಿಟ್ಟರೆ ಕ್ರೀಡಾ ಕೋಟಾ ಕೈತಪ್ಪುತ್ತದೆ’ ಎಂದರು. ನಾನು ಅಳತೆಪಟ್ಟಿಯನ್ನು ಅವರ ಕೈಗೇ ಕೊಟ್ಟೆ. ಮಗಳು ಗಟ್ಟಿ ಕಾಲಿನಲ್ಲಿ ಕುಪ್ಪಳಿಸಿದಳು, ಅಳೆದರು. ಶಸ್ತ್ರಚಿಕಿತ್ಸೆಯಾದ ಕಾಲಿನಲ್ಲಿ ಕುಪ್ಪಳಿಸಿದಳು, ಅಳೆದರು. ಒಂದು ಗೇಣಿಗಿಂತ ಹೆಚ್ಚಿನ ವ್ಯತ್ಯಾಸ. ಆಮೇಲೆ ಕುರ್ಚಿಯಿಂದ ಒಂಟಿ ಕಾಲಿನಲ್ಲಿ ಏಳಿಸಿದೆ. ಆ ಕಾಲಿಗೆ ನಡುಕ ಬಂತು. ಕುಪ್ಪಳಿಸುವ ದೂರವೊಂದನ್ನೇ ನಂಬುವಂತಿಲ್ಲ, ಸೊಂಟ ಮತ್ತು ಗಿಣ್ಣು ಸೇರಿ ಮಂಡಿಯ ದೌರ್ಬಲ್ಯವನ್ನು ಮುಚ್ಚಿಬಿಡುತ್ತವೆ. ಅದಕ್ಕೇ ಈ ಎರಡನೇ ಪರೀಕ್ಷೆ. ಅವರು ಪಟ್ಟಿ ಸುತ್ತಿ ನನ್ನ ಮೇಜಿನ ಮೇಲಿಟ್ಟು, ‘ಸರಿ, ಮುಂದಿನ ವರ್ಷ ಆಡಲಿ’ ಎಂದರು. ಮರುವರ್ಷ ಅವಳು ಆಡಿದಳು.

ನಮ್ಮ ನೋಟ್‌ಬುಕ್ ಪ್ರಕಾರ ಹ್ಯಾಮ್‌ಸ್ಟ್ರಿಂಗ್ ಮತ್ತು ತೊಡೆಸಂದಿನ ದೂರು ಮೊದಲಿಗಿಂತ ಕಡಿಮೆ. ಮಂಡಿಯ ಬಗ್ಗೆ ಒಂದೇ ತಂಡದ ಲೆಕ್ಕದಿಂದ ಏನನ್ನೂ ಸಾಧಿಸಿ ತೋರಿಸಲಾಗದು, ಅದಕ್ಕೆ ಹತ್ತಾರು ತಂಡಗಳು ಬೇಕು. ಆದ್ದರಿಂದ ಅಕ್ಕಪಕ್ಕದ ತಾಲ್ಲೂಕುಗಳ ದೈಹಿಕ ಶಿಕ್ಷಕರಿಗೂ ಅದೇ ಚೀಟಿ, ಅದೇ ವಾರ್ಮ್‌ಅಪ್ ಪಟ್ಟಿ ಕೊಡುತ್ತಿದ್ದೇನೆ. ಪಂದ್ಯಾವಳಿ ನಡೆಸುವವರಲ್ಲಿ ಸದ್ಯಕ್ಕೆ ನನ್ನ ಕೋರಿಕೆ ಎರಡು: ಮ್ಯಾಟ್‌ನ ತುಂಡುಗಳು ಕೂಡುವಲ್ಲಿ ಬಾಯಿ ಬಿಡದಂತೆ ಪ್ರತಿ ಪಂದ್ಯಕ್ಕೂ ಮೊದಲು ಟೇಪ್ ಹಾಕಿಸಿ, ಮತ್ತು ಅಂಕಣದ ಪಕ್ಕದಲ್ಲಿ ಒಂದು ತಂಡ ಇಪ್ಪತ್ತು ನಿಮಿಷ ಮೈ ಕಾಯಿಸಿಕೊಳ್ಳುವಷ್ಟು ಜಾಗವನ್ನು ಕುರ್ಚಿ ಹಾಕದೆ ಬಿಡಿ.